ಮೂರನೆಯ ಅಪರಾಧದ ಬೆಲೆ

ಒಂದೇ ಅಂಗಡಿಯಿಂದ ಒಂದೇ ಬೆಲೆಯ ವಸ್ತುವನ್ನು ಕದ್ದ ಇಬ್ಬರಲ್ಲಿ ಒಬ್ಬನದು ಮೊದಲ ಅಪರಾಧವಾಗಿದ್ದು ಇನ್ನೊಬ್ಬ ಈಗಾಗಲೇ ಎರಡು ಬಾರಿ ಜೈಲು ಕಂಡವನಾಗಿದ್ದರೆ, ಇಬ್ಬರಿಗೂ ಅಳತೆ ಮಾಡಿದಂತೆ ಸಮನಾದ ಶಿಕ್ಷೆ ವಿಧಿಸಬೇಕೆಂದು ಹೇಳುವ ಕಾನೂನು ವ್ಯವಸ್ಥೆ ಸಿಗುವುದು ಕಷ್ಟ. ಎರಡನೆಯವನಿಗೆ ಹೆಚ್ಚು ಶಿಕ್ಷೆಯಾಗಬೇಕೆಂಬುದು ಸಾಮಾನ್ಯ ಜನರ ನ್ಯಾಯಬುದ್ಧಿಗೂ ಒಪ್ಪುವ ಮಾತೇ ಆಗಿದೆ. ವಿವಾದ ಹುಟ್ಟುವುದು ಆ ಹೆಚ್ಚಳದ ಪ್ರಮಾಣ ಮತ್ತು ಕಾರಣಗಳ ಬಗ್ಗೆ: ಈಗಿನ ಕಳ್ಳತನಕ್ಕೆ ತಕ್ಕ ಅವಧಿ ಮುಗಿದ ಮೇಲೂ ಆತ ಜೈಲಿನಲ್ಲಿ ಕಳೆಯುವ ವರ್ಷಗಳು ಹಳೆಯ ಅಪರಾಧಗಳಿಗೆ ಸಲ್ಲುತ್ತವೆಯೇ, ಹೊಸದಕ್ಕೇ ಸಲ್ಲುತ್ತವೆಯೇ, ಅಥವಾ ಆತ ಇಂಥವನು ಎಂದು ಸರ್ಕಾರ ಬರೆದಿಟ್ಟ ಷರಾಕ್ಕೆ ಸಲ್ಲುತ್ತವೆಯೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎದುರಿಗಿಟ್ಟ ಕಾಯ್ದೆಯೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1994ರಲ್ಲಿ ಜಾರಿಗೆ ತಂದ ‘ತ್ರೀ ಸ್ಟ್ರೈಕ್ಸ್’ ಕಾನೂನು.

ಬೇಸ್‌ಬಾಲ್ ಆಟದಲ್ಲಿ ಮೂರು ‘ಸ್ಟ್ರೈಕ್’ ಆದೊಡನೆ ಬ್ಯಾಟ್ ಹಿಡಿದವನು ಔಟ್ ಆಗಿ ಹೊರನಡೆಯಬೇಕಾಗುತ್ತದೆ. ಕಾಯ್ದೆಯ ಹೆಸರು ಅಲ್ಲಿಂದ ಬಂದದ್ದು. ಈ ಬಗೆಯ ಕಾನೂನನ್ನು ಜನಮತಗಣನೆಯ ಮೂಲಕ ಮೊದಲು ಒಪ್ಪಿಕೊಂಡದ್ದು ವಾಷಿಂಗ್ಟನ್ ರಾಜ್ಯ, 1993ರ ನವೆಂಬರಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅದರ ಹಿಂದಿದ್ದದ್ದು ಎರಡು ಕೊಲೆಗಳು ಕೆರಳಿಸಿದ ಆಕ್ರೋಶ. 1992ರಲ್ಲಿ ಫ್ರೆಸ್ನೊ ನಗರದಲ್ಲಿ ಮಗಳನ್ನು ಕಳೆದುಕೊಂಡ ಛಾಯಾಗ್ರಾಹಕ ಮೈಕ್ ರೆನಾಲ್ಡ್ಸ್ ಇಂಥದೊಂದು ಕಾಯ್ದೆಗಾಗಿ ಚಳವಳಿ ಆರಂಭಿಸಿದ್ದರೂ ಅದಕ್ಕೆ ಬಿರುಸು ಬಂದದ್ದು, 1993ರ ಅಕ್ಟೋಬರಿನಲ್ಲಿ ಪೆಟಲೂಮ ಪಟ್ಟಣದ ಮನೆಯಿಂದ 12 ವರ್ಷದ ಪಾಲಿ ಕ್ಲಾಸ್ ಎಂಬ ಬಾಲಕಿಯನ್ನು ಅಪಹರಿಸಿ ಕೊಂದವನು ಪೆರೋಲ್ ಮೇಲೆ ಹೊರಗಿದ್ದ ಹಳೆಯ ಅಪರಾಧಿ ಎಂದು ತಿಳಿದ ಮೇಲೆ. 1994ರ ಮಾರ್ಚಿನಲ್ಲಿ ರಾಜ್ಯಪಾಲ ಪೀಟ್ ವಿಲ್ಸನ್ ಮಸೂದೆಗೆ ಸಹಿ ಹಾಕಿದರು. ಅದೇ ನವೆಂಬರಿನಲ್ಲಿ ಮತದಾರರು ಸುಮಾರು ಶೇ 72ರ ಬಹುಮತದಿಂದ ಅದನ್ನು ಮತ್ತೊಮ್ಮೆ ಸ್ಥಿರಪಡಿಸಿದರು. ಮೊದಲು ಮಸೂದೆಯ ಪರವಾಗಿದ್ದ ಆ ಬಾಲಕಿಯ ತಂದೆಯೇ ಅದರ ಒಕ್ಕಣೆಯನ್ನು ಕೂಲಂಕಷವಾಗಿ ನೋಡಿದ ಬಳಿಕ ವಿರೋಧಿಸಿದರೆಂಬುದು ಆ ದಿನಗಳ ಗದ್ದಲದಲ್ಲಿ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಅವರ ಆಕ್ಷೇಪಕ್ಕೆ ಕಾರಣವಾದ ಒಕ್ಕಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಅಮೆರಿಕದ ಕಾನೂನು ಅಪರಾಧಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸುತ್ತದೆ: ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಜೈಲುವಾಸಕ್ಕೆ ಗುರಿಮಾಡಬಲ್ಲ ‘ಫೆಲನಿ’ ಮತ್ತು ಅದಕ್ಕಿಂತ ಕಡಿಮೆ ಶಿಕ್ಷೆಯ ‘ಮಿಸ್‌ಡಿಮೀನರ್’. ಕ್ಯಾಲಿಫೋರ್ನಿಯಾದ ಕಾಯ್ದೆಯ ಪ್ರಕಾರ ಮೊದಲ ಎರಡು ಸ್ಟ್ರೈಕ್‌ಗಳೆಂದು ಎಣಿಕೆಯಾಗಬೇಕಾದರೆ ಆ ಅಪರಾಧಗಳು ‘ಗಂಭೀರ ಅಥವಾ ಹಿಂಸಾತ್ಮಕ’ ಫೆಲನಿಗಳಾಗಿರಬೇಕಿತ್ತು. ಒಂದು ಸ್ಟ್ರೈಕ್ ಇದ್ದವನು ಮತ್ತೆ ಯಾವುದೇ ಫೆಲನಿ ಎಸಗಿದರೆ ಶಿಕ್ಷೆ ಇಮ್ಮಡಿಯಾಗುತ್ತಿತ್ತು. ಎರಡು ಸ್ಟ್ರೈಕ್ ಇದ್ದವನು ಮೂರನೆಯದಾಗಿ ಯಾವುದೇ ಫೆಲನಿ ಎಸಗಿದರೂ, ಅದು ಗಂಭೀರವಲ್ಲದಿದ್ದರೂ, ಹಿಂಸೆಯ ಲವಲೇಶವಿಲ್ಲದಿದ್ದರೂ, ಕನಿಷ್ಠ 25 ವರ್ಷ ಕಳೆಯುವವರೆಗೆ ಪೆರೋಲ್ ಕೋರಿಕೆಗೂ ಅವಕಾಶವಿಲ್ಲದ ಜೀವಾವಧಿ ಶಿಕ್ಷೆಗೆ ಗುರಿಯಾಗುತ್ತಿದ್ದ. ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿತು. ಕೆಲವು ಅಪರಾಧಗಳನ್ನು ಸರ್ಕಾರಿ ಅಭಿಯೋಜಕರು ತಮ್ಮ ವಿವೇಚನೆಯಂತೆ ಮಿಸ್‌ಡಿಮೀನರ್ ಎಂದಾಗಲಿ ಫೆಲನಿ ಎಂದಾಗಲಿ ದಾಖಲಿಸಬಹುದಿತ್ತು. ಹಿಂದೆ ಕಳ್ಳತನಕ್ಕಾಗಿ ಶಿಕ್ಷೆ ಅನುಭವಿಸಿದವನ ಚಿಲ್ಲರೆ ಕಳ್ಳತನವೂ ಈ ಗುಂಪಿಗೆ ಸೇರಿತ್ತು. ಅಂದರೆ ಹಳೆಯ ದಾಖಲೆಯೊಂದೇ ಎರಡು ಸಲ ಕೆಲಸ ಮಾಡುತ್ತಿತ್ತು: ಮೊದಲು ಚಿಲ್ಲರೆ ಕಳ್ಳತನವನ್ನು ಫೆಲನಿಯ ಮಟ್ಟಕ್ಕೆ ಏರಿಸಲು, ಆಮೇಲೆ ಆ ಫೆಲನಿಯನ್ನು ಜೀವಾವಧಿಯ ಮಟ್ಟಕ್ಕೆ ಏರಿಸಲು.

ಇದರ ಪರಿಣಾಮ ಏನೆಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 2003ರ ಮಾರ್ಚ್ 5ರಂದು ತೀರ್ಮಾನಿಸಿದ ಎರಡು ಪ್ರಕರಣಗಳು ತೋರಿಸುತ್ತವೆ. ಲಾಕಿಯರ್ ವಿರುದ್ಧ ಆಂಡ್ರಾಡೆ ಪ್ರಕರಣದಲ್ಲಿ ಆರೋಪಿಯು 1995ರಲ್ಲಿ ಎರಡು ಅಂಗಡಿಗಳಿಂದ ಒಟ್ಟು ಒಂಬತ್ತು ವಿಡಿಯೊ ಕ್ಯಾಸೆಟ್‌ಗಳನ್ನು, ಸುಮಾರು 150 ಡಾಲರ್ ಬೆಲೆಯವನ್ನು, ಕದ್ದಿದ್ದ; ಆತನ ಹಳೆಯ ಸ್ಟ್ರೈಕ್‌ಗಳು ಮನೆಗಳ್ಳತನಗಳಾಗಿದ್ದವು. ಎರಡು ಕಳವುಗಳಿಗೆ ಒಂದಾದ ಮೇಲೊಂದರಂತೆ 25 ವರ್ಷದ ಎರಡು ಅವಧಿಗಳನ್ನು ವಿಧಿಸಲಾಯಿತು, ಎಂದರೆ 50 ವರ್ಷ ಕಳೆದ ಮೇಲಷ್ಟೇ ಪೆರೋಲ್ ಮಾತು. ಶಿಕ್ಷೆಯಾದಾಗ ಆತನಿಗೆ 37 ವರ್ಷವಾದ್ದರಿಂದ ಇದು ಸಾಯುವವರೆಗಿನ ಸೆರೆಯೇ ಎಂದು ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಡೇವಿಡ್ ಸೌಟರ್ ಎತ್ತಿ ತೋರಿಸಿದರು. ಯೂಯಿಂಗ್ ವಿರುದ್ಧ ಕ್ಯಾಲಿಫೋರ್ನಿಯಾ ಪ್ರಕರಣದ ಆರೋಪಿಯು ತಲಾ 399 ಡಾಲರ್ ಬೆಲೆಯ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನೊಳಗೆ ಅಡಗಿಸಿ ಕುಂಟುತ್ತ ಹೊರನಡೆದವನು. ಆತನ ಹಿಂದಿನ ದಾಖಲೆಯಲ್ಲಿ ಮನೆಗಳ್ಳತನಗಳ ಜೊತೆಗೆ ಒಂದು ದರೋಡೆಯೂ ಇತ್ತು. ಆತನಿಗೆ 25 ವರ್ಷದಿಂದ ಜೀವಾವಧಿ. ಎರಡೂ ಶಿಕ್ಷೆಗಳನ್ನು ನ್ಯಾಯಾಲಯ 5–4ರ ಬಹುಮತದಿಂದ ಎತ್ತಿಹಿಡಿಯಿತು.

ಈ ತೀರ್ಪುಗಳು ಏನು ಹೇಳಿದವು ಎಂಬುದಷ್ಟೇ ಏನು ಹೇಳಲಿಲ್ಲ ಎಂಬುದೂ ಮುಖ್ಯ. ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿ ‘ಕ್ರೂರ ಮತ್ತು ಅಸಾಮಾನ್ಯ’ ಶಿಕ್ಷೆಗಳನ್ನು ನಿಷೇಧಿಸುತ್ತದೆ. ಅಪರಾಧದ ತೂಕಕ್ಕೆ ಶಿಕ್ಷೆಯ ತೂಕ ಹೊಂದಬೇಕೆಂಬ ಅನುಪಾತ ತತ್ವ ಆ ನಿಷೇಧದಲ್ಲಿ ಅಡಗಿದೆಯೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ದಶಕಗಳಿಂದ ಹೊಯ್ದಾಡುತ್ತಲೇ ಉತ್ತರಿಸಿದೆ. ಮೂರು ವಂಚನೆಗಳಲ್ಲಿ ಒಟ್ಟು 230 ಡಾಲರ್‌ನಷ್ಟು ಲಪಟಾಯಿಸಿದವನಿಗೆ ಟೆಕ್ಸಾಸ್ ವಿಧಿಸಿದ ಜೀವಾವಧಿಯನ್ನು ಅದು 1980ರಲ್ಲಿ ಒಪ್ಪಿತು. 100 ಡಾಲರ್‌ನ ಸುಳ್ಳು ಚೆಕ್ ಕೊಟ್ಟದ್ದು ಏಳನೆಯ ಅಪರಾಧವಾಗಿದ್ದವನಿಗೆ ಸೌತ್ ಡಕೋಟ ವಿಧಿಸಿದ, ಪೆರೋಲ್ ಇಲ್ಲದ ಜೀವಾವಧಿಯನ್ನು 1983ರಲ್ಲಿ ರದ್ದುಪಡಿಸಿತು. ಎರಡೂ 5–4. ಯೂಯಿಂಗ್ ಪ್ರಕರಣದ ಪ್ರಧಾನ ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓ’ಕಾನರ್, ಯಾವ ಉದ್ದೇಶಕ್ಕಾಗಿ ಶಿಕ್ಷಿಸಬೇಕೆಂಬುದನ್ನು ಆರಿಸಿಕೊಳ್ಳುವುದು ಶಾಸಕಾಂಗಕ್ಕೆ ಬಿಟ್ಟದ್ದೆಂದೂ ತೀರಾ ಎದ್ದುಕಾಣುವ ಅಸಮತೋಲನವಿದ್ದರೆ ಮಾತ್ರ ನ್ಯಾಯಾಲಯ ಕೈಹಾಕಬಹುದೆಂದೂ ವಾದಿಸಿದರು. ಆಂಡ್ರಾಡೆ ಪ್ರಕರಣದಲ್ಲಂತೂ ನ್ಯಾಯಾಲಯದ ಮುಂದಿದ್ದದ್ದು ಶಿಕ್ಷೆ ನ್ಯಾಯವೇ ಎಂಬ ಪ್ರಶ್ನೆಯೂ ಆಗಿರಲಿಲ್ಲ. ರಾಜ್ಯದ ನ್ಯಾಯಾಲಯ ಸ್ಥಾಪಿತ ಕಾನೂನನ್ನು ವಿವೇಚನೆಗೆ ನಿಲುಕದಷ್ಟು ತಪ್ಪಾಗಿ ಅನ್ವಯಿಸಿತೇ ಎಂಬ ಇಕ್ಕಟ್ಟಾದ ಪ್ರಶ್ನೆಗೆ ಅದು ಇಲ್ಲವೆಂದಿತು. ಆದುದರಿಂದ ಇಂಥ ಕಾಯ್ದೆಗಳು ನ್ಯಾಯವೆಂದು ಸುಪ್ರೀಂ ಕೋರ್ಟೇ ಹೇಳಿದೆ ಎನ್ನುವವರು ಸಂವಿಧಾನಬದ್ಧತೆಯನ್ನೂ ನ್ಯಾಯವನ್ನೂ ಒಂದೇ ಎಂದು ಬಗೆದಿರುತ್ತಾರೆ.

ನ್ಯಾಯದ ಪ್ರಶ್ನೆಗೆ ಬಂದರೆ, ಇಂಥ ಕಾಯ್ದೆಗಳ ವಿರುದ್ಧ ಮೊದಲು ಕೇಳಿಬರುವ ಆಕ್ಷೇಪ ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಸಲ್ಲದೆಂಬುದು. ಹಳೆಯ ಅಪರಾಧಕ್ಕೆ ಜೈಲುವಾಸ ಅನುಭವಿಸಿ ಲೆಕ್ಕ ಚುಕ್ತಾ ಮಾಡಿದವನ ಮುಂದೆ ಅದೇ ಖಾತೆಯನ್ನು ಮತ್ತೆ ತೆರೆಯುವುದು ಹೇಗೆ ಸರಿ? ಅಮೆರಿಕದ ನ್ಯಾಯಾಲಯಗಳು ಇದಕ್ಕೆ ಬಹುಹಿಂದೆಯೇ ಕೊಟ್ಟ ಉತ್ತರವೆಂದರೆ, ಹೆಚ್ಚಿನ ಶಿಕ್ಷೆ ಹಳೆಯದಕ್ಕಲ್ಲ, ಪುನರಾವರ್ತನೆಯಿಂದಾಗಿ ಹೆಚ್ಚು ಗುರುತರವಾದ ಹೊಸ ಅಪರಾಧಕ್ಕೇ ಎಂಬುದು. ತರ್ಕವಾಗಿ ಇದು ಚೊಕ್ಕವಾಗಿದ್ದರೂ, ಮಿಸ್‌ಡಿಮೀನರ್ ಆಗಬಹುದಾಗಿದ್ದ ಒಂಬತ್ತು ಕ್ಯಾಸೆಟ್‌ಗಳ ಕಳವು ಪುನರಾವರ್ತನೆಯ ಕಾರಣಕ್ಕೇ 50 ವರ್ಷದಷ್ಟು ಗುರುತರವಾಯಿತೆಂದು ನಂಬಲು ಹೊರಟಾಗ ಅದರ ದುರ್ಬಲತೆ ಕಾಣತೊಡಗುತ್ತದೆ. ಹೊಸ ಅಪರಾಧದ ಸ್ವರೂಪ ಯಾವುದಿದ್ದರೂ ಶಿಕ್ಷೆ ಅದೇ ಆಗಿರುವಲ್ಲಿ, ಶಿಕ್ಷೆಗೆ ಕಾರಣ ಹೊಸ ಅಪರಾಧವೆಂದು ಹೇಳುವುದು ಹೆಚ್ಚು ಕಾಲ ನಿಲ್ಲುವ ಮಾತಲ್ಲ.

ಶಿಕ್ಷಾಶಾಸ್ತ್ರದ ಚಿಂತಕ ಆಂಡ್ರಿಯಾಸ್ ವಾನ್ ಹಿರ್ಷ್ ಈ ತೊಡಕನ್ನು ತಲೆಕೆಳಗು ಮಾಡಿ ನೋಡಿದವರು. ಅವರ ವಾದದಲ್ಲಿ ಹಳೆಯ ಅಪರಾಧಿಗೆ ಹೆಚ್ಚು ಶಿಕ್ಷೆಯಾಗುತ್ತಿಲ್ಲ. ಹೊಸಬನಿಗೆ ಕಡಿಮೆ ಶಿಕ್ಷೆಯಾಗುತ್ತಿದೆ. ಮನುಷ್ಯ ಎಡವುವ ಪ್ರಾಣಿಯೆಂಬುದನ್ನು ಒಪ್ಪಿಕೊಂಡು, ಛೀಮಾರಿಗೆ ನಾಚಿ ತಿದ್ದಿಕೊಳ್ಳಬಲ್ಲನೆಂಬ ನಂಬಿಕೆಯಿಂದ, ಮೊದಲ ಸಲಕ್ಕೆ ಕಾನೂನು ರಿಯಾಯಿತಿ ತೋರಿಸುತ್ತದೆ. ಮತ್ತೆ ಮತ್ತೆ ಅದೇ ಹಾದಿ ಹಿಡಿದಂತೆಲ್ಲ ಆ ರಿಯಾಯಿತಿ ಕರಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ. ಈ ವಾದದ ಸೊಗಸು ಅದು ಎಳೆಯುವ ಗೆರೆಯಲ್ಲಿದೆ. ರಿಯಾಯಿತಿ ಪೂರ್ತಿ ಹೋದ ಮೇಲೆ ಉಳಿಯುವುದು ಆ ಅಪರಾಧಕ್ಕೆ ಸಲ್ಲಬೇಕಾದ ಪೂರ್ಣ ಶಿಕ್ಷೆ ಮಾತ್ರ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ. ಹತ್ತನೆಯ ಬಾರಿ ಕದ್ದವನೂ ಕಳ್ಳನೇ ಹೊರತು ಕೊಲೆಗಾರನಾಗುವುದಿಲ್ಲ. ಕಳ್ಳತನದ ಗರಿಷ್ಠ ಶಿಕ್ಷೆಯೊಳಗೆ ಎಷ್ಟೇ ಕಠಿಣವಾದರೂ ಅದನ್ನು ನ್ಯಾಯವೆನ್ನಬಹುದು, ಆ ಎಲ್ಲೆ ದಾಟಿದ ಕ್ಷಣದಿಂದ ವಿಧಿಸುವುದು ಬೇರೆಯದೇ ಸಂಗತಿಗೆ. ಈ ಲೇಖನದ ನಿಲುವೂ ಇದಕ್ಕೆ ಹತ್ತಿರವಾದದ್ದು.

ಆ ಬೇರೆಯ ಸಂಗತಿ ಯಾವುದೆಂಬುದನ್ನು ಕಾಯ್ದೆಯ ಸಮರ್ಥಕರು ಮುಚ್ಚಿಡುವುದಿಲ್ಲ. ಅವರ ಮಾತಿನಲ್ಲಿ ಅದು ಸಮಾಜದ ರಕ್ಷಣೆ: ಅಪಾಯಕಾರಿ ವ್ಯಕ್ತಿಯನ್ನು ಕೂಡಿಹಾಕಿದಷ್ಟು ಕಾಲ ಆತ ಹೊರಗೆ ಅಪರಾಧ ಎಸಗಲಾರ. ಇದಕ್ಕೆ ಅಂಕಿಅಂಶಗಳ ಆಧಾರವೂ ಇದೆ. ಮಾರ್ವಿನ್ ವುಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು 1945ರಲ್ಲಿ ಹುಟ್ಟಿ ಫಿಲಡೆಲ್ಫಿಯದಲ್ಲಿ ಬೆಳೆದ 9,945 ಹುಡುಗರ ದಾಖಲೆಗಳನ್ನು ಪರಿಶೀಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಪೈಕಿ ಕೇವಲ 627 ಮಂದಿ, ಅಂದರೆ ಸುಮಾರು ಶೇ 6ರಷ್ಟು ಹುಡುಗರು, ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಕಾರಣರೆಂದು ಕಂಡುಬಂದಿತ್ತು. ಆ ಕೆಲವರನ್ನು ಗುರುತಿಸಿ ಬಂಧಿಸಿಟ್ಟರೆ ಅರ್ಧ ಅಪರಾಧ ಅಳಿದಂತೆಯೇ ಎಂಬ ಆಸೆ ಅಲ್ಲಿಂದ ಹುಟ್ಟಿತು. ಆದರೆ ಆ ಶೇ 6 ಯಾರೆಂಬುದು ಎಲ್ಲ ಮುಗಿದ ಮೇಲೆ ಹಿಂತಿರುಗಿ ನೋಡಿದಾಗ ತಿಳಿಯುವ ಸಂಗತಿ. ಮುಂಚಿತವಾಗಿ ಅವರನ್ನು ಆರಿಸಲು ಹೊರಟಾಗ, ತಾವಾಗಿಯೇ ಕಳ್ಳತನ ಬಿಡಲಿದ್ದ ಅನೇಕರೂ ಅದೇ ಬಲೆಗೆ ಬೀಳುತ್ತಾರೆ. ಜೊತೆಗೆ, ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಶಿಖರ ಮುಟ್ಟುವ ಅಪರಾಧಪ್ರವೃತ್ತಿ ವಯಸ್ಸಾದಂತೆ ಇಳಿಯುತ್ತದೆಂಬುದು ಅಪರಾಧಶಾಸ್ತ್ರದ ಅತ್ಯಂತ ಗಟ್ಟಿಯಾದ ಅರಿವುಗಳಲ್ಲೊಂದು. ಮೂರು ಸ್ಟ್ರೈಕ್ ಪೂರೈಸುವಷ್ಟರಲ್ಲಿ ಹೆಚ್ಚಿನವರು ಆ ಶಿಖರ ದಾಟಿರುತ್ತಾರೆ. ಸರ್ಕಾರ ಕಾವಲಿಗೆ ಅತಿ ಹೆಚ್ಚು ಖರ್ಚು ಮಾಡುವುದು ಮಂಡಿನೋವು, ಮಧುಮೇಹಗಳಿಂದ ನರಳುವ ಮುದುಕರ ಮೇಲೆ.

ಇನ್ನುಳಿದದ್ದು ಭಯದ ವಾದ, ಎಂದರೆ ಕಠಿಣ ಶಿಕ್ಷೆಗೆ ಅಂಜಿ ಅಪರಾಧದಿಂದ ದೂರ ಉಳಿಯುತ್ತಾರೆಂಬುದು. ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಎರಿಕ್ ಹೆಲೆಂಡ್ ಮತ್ತು ಅಲೆಕ್ಸ್ ಟ್ಯಾಬರಾಕ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಸ್ಟ್ರೈಕ್ ಹೊತ್ತವರ ಫೆಲನಿ ಬಂಧನಗಳು ಕಾಯ್ದೆಯ ಕಾರಣದಿಂದ ಶೇ 17ರಿಂದ 20ರಷ್ಟು ಇಳಿದವೆಂದು ಅಂದಾಜು ಮಾಡಿದರು. ಆದರೆ ಹೀಗೆ ತಪ್ಪಿದ ಒಂದೊಂದು ಅಪರಾಧಕ್ಕೂ ತಗಲಿದ ವೆಚ್ಚವನ್ನು ಪೊಲೀಸ್ ವ್ಯವಸ್ಥೆಗೆ ಹಾಕಿದ್ದರೆ ಹೆಚ್ಚು ಫಲ ದೊರೆಯುತ್ತಿತ್ತೆಂಬುದನ್ನೂ ಅವರೇ ತೋರಿಸಿದರು. ರಾಧಾ ಅಯ್ಯಂಗಾರ್ ಅವರ 2008ರ ಅಧ್ಯಯನ ಇನ್ನೊಂದು ಬದಿಯನ್ನು ಮುಂದಿಟ್ಟಿತು: ಕಳ್ಳತನಕ್ಕೂ ದರೋಡೆಗೂ ಒಂದೇ ಶಿಕ್ಷೆಯಾಗುವ ಸ್ಥಿತಿಯಲ್ಲಿ, ಹೇಗಿದ್ದರೂ ಕೆಡುವುದೇ ಎಂದುಕೊಂಡವನು ದೊಡ್ಡ ಅಪರಾಧಕ್ಕೇ ಕೈಹಾಕುವ ಸಾಧ್ಯತೆ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಅಪರಾಧಗಳು ಗಣನೀಯವಾಗಿ ಇಳಿದದ್ದು ನಿಜವಾದರೂ ಆ ಇಳಿತ ಕಾಯ್ದೆಗೆ ಮೊದಲೇ ಆರಂಭವಾಗಿತ್ತು, ಇಂಥ ಕಾಯ್ದೆಯಿಲ್ಲದ ರಾಜ್ಯಗಳಲ್ಲೂ ಕಂಡುಬಂದಿತ್ತು.

ಕಾಯ್ದೆಯ ಅತ್ಯಂತ ಗಂಭೀರ ಅನ್ಯಾಯ ಮಾತ್ರ ಈ ಸಿದ್ಧಾಂತಗಳ ಚರ್ಚೆಯಲ್ಲಿ ಕಾಣಸಿಗುವುದಿಲ್ಲ, ಅದು ಕಚೇರಿಗಳ ಕಾರ್ಯವೈಖರಿಯಲ್ಲಿದೆ. ಕಡ್ಡಾಯ ಶಿಕ್ಷೆಯನ್ನು ಬರೆದವರ ಉದ್ದೇಶ ನ್ಯಾಯಾಧೀಶರ ವಿವೇಚನೆಯನ್ನು ಕಿತ್ತುಹಾಕಿ ಎಲ್ಲರಿಗೂ ಒಂದೇ ಅಳತೆ ತರುವುದಾಗಿತ್ತು. ವಿವೇಚನೆಯೇನೋ ನ್ಯಾಯಾಲಯದಿಂದ ಹೊರಟಿತು, ಆದರೆ ಮಾಯವಾಗಲಿಲ್ಲ. ಯಾವ ಆರೋಪ ಹೊರಿಸಬೇಕು, ಯಾವ ಹಳೆಯ ಸ್ಟ್ರೈಕನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವ ಅಭಿಯೋಜಕರ ಮೇಜಿಗೆ ಹೋಗಿ ಕುಳಿತಿತು. ನ್ಯಾಯಾಧೀಶರು ತಮ್ಮ ತೀರ್ಮಾನಕ್ಕೆ ಬಹಿರಂಗ ನ್ಯಾಯಾಲಯದಲ್ಲಿ ಕಾರಣ ಕೊಡಬೇಕಾಗುತ್ತದೆ. ಅಭಿಯೋಜಕರಿಗೆ ಆ ಕಟ್ಟುಪಾಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಪರೂಪಕ್ಕೆ ಬಳಕೆಯಾಗುತ್ತಿದ್ದ ಕಾಯ್ದೆ ಅದೇ ರಾಜ್ಯದ ಬೇರೆ ಕೆಲವು ಕೌಂಟಿಗಳಲ್ಲಿ ಧಾರಾಳವಾಗಿ ಪ್ರಯೋಗವಾದದ್ದರಿಂದ, ಒಂದೇ ಬಗೆಯ ಅಪರಾಧಿ ಯಾವ ಗಡಿಯೊಳಗೆ ಸಿಕ್ಕಿಬಿದ್ದ ಎಂಬುದರ ಮೇಲೆ ಆತನ ಉಳಿದ ಬದುಕು ನಿಂತಿತು. 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರೊಮೇರೊ ಪ್ರಕರಣದಲ್ಲಿ, ನ್ಯಾಯದ ಹಿತದೃಷ್ಟಿಯಿಂದ ಹಳೆಯ ಸ್ಟ್ರೈಕನ್ನು ಕೈಬಿಡುವ ಅಧಿಕಾರ ನ್ಯಾಯಾಧೀಶರಿಗೂ ಇದೆಯೆಂದು ಹೇಳಿ ಒಂದಿಷ್ಟು ಸಮತೋಲನ ತಂದಿತು. ಆದರೂ 2004ರ ಕೊನೆಯ ವೇಳೆಗೆ ಈ ಕಾಯ್ದೆಯಡಿ ಜೈಲಿನಲ್ಲಿದ್ದವರ ಸಂಖ್ಯೆ ಸುಮಾರು 43,000ಕ್ಕೆ ಏರಿತ್ತು. ಅವರಲ್ಲಿ ಸುಮಾರು 7,500 ಮಂದಿ ಮೂರನೆಯ ಸ್ಟ್ರೈಕಿನವರು, ಆ ಪೈಕಿ ಸುಮಾರು ಶೇ 45 ಆಫ್ರಿಕನ್ ಅಮೆರಿಕನ್ನರು. ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 7ರಷ್ಟೂ ಇಲ್ಲ.

ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ ಈ ಕಾಯ್ದೆಯ ತಿದ್ದುಪಡಿಯೊಂದನ್ನು ತಿರಸ್ಕರಿಸಿದರಾದರೂ, ರಾಜ್ಯದ ಜೈಲುಗಳ ದಟ್ಟಣೆ ಅಸಾಂವಿಧಾನಿಕ ಮಟ್ಟ ಮುಟ್ಟಿದೆಯೆಂದು ಫೆಡರಲ್ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದ ಮರುವರ್ಷ, ಸುಮಾರು ಶೇ 69ರ ಬಹುಮತದಿಂದ, ಮೂರನೆಯ ಅಪರಾಧವೂ ಗಂಭೀರ ಅಥವಾ ಹಿಂಸಾತ್ಮಕವಾಗಿರಬೇಕೆಂದು ಕಾಯ್ದೆಯನ್ನು ತಿದ್ದಿದರು. ಕೆಲವು ವಿನಾಯಿತಿಗಳನ್ನು ಬಿಟ್ಟು, ಹಳೆಯ ಕೈದಿಗಳಿಗೂ ಮರುಶಿಕ್ಷೆ ಕೋರುವ ಅವಕಾಶ ದೊರೆಯಿತು. 2024ರಲ್ಲಿ ಅದೇ ಮತದಾರರು, ಅಂಗಡಿಗಳ ಲೂಟಿಯ ಸುದ್ದಿಗಳಿಂದ ರೋಸಿ, ಎರಡು ಬಾರಿ ಕಳ್ಳತನಕ್ಕೆ ಶಿಕ್ಷೆಯಾದವನ ಮೂರನೆಯ ಚಿಲ್ಲರೆ ಕಳವನ್ನು ಮತ್ತೆ ಫೆಲನಿಯಾಗಿಸಿದರು. ಈ ಬಾರಿ ಗರಿಷ್ಠ ಶಿಕ್ಷೆ ಮೂರು ವರ್ಷ. ವಾನ್ ಹಿರ್ಷ್ ಎಳೆದ ಗೆರೆಯಿಂದ ಇದು ಹೆಚ್ಚು ದೂರದಲ್ಲಿಲ್ಲ.

ಇದನ್ನೆಲ್ಲ ಓದುವ ಭಾರತೀಯ ಓದುಗನಿಗೆ ನಮ್ಮಲ್ಲಿ ಇಂಥದಿಲ್ಲವಲ್ಲ ಎಂಬ ಸಮಾಧಾನ ಹುಟ್ಟಬಹುದು. 1860ರ ಭಾರತೀಯ ದಂಡ ಸಂಹಿತೆಯ 75ನೆಯ ಕಲಂ, ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆಯುಳ್ಳ ಕೆಲವು ಅಪರಾಧಗಳನ್ನು ಎರಡನೆಯ ಬಾರಿ ಎಸಗಿದವನಿಗೆ ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದೆಂದು ಹೇಳುತ್ತಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 13ನೆಯ ಕಲಮಿನಲ್ಲಿ ಅದೇ ಮುಂದುವರಿದಿದೆ. ಎಷ್ಟು ಶಿಕ್ಷೆಯೆಂಬ ತೀರ್ಮಾನ ನ್ಯಾಯಾಧೀಶರದೇ. ಈ ಕಲಂ ಅನ್ವಯವಾಗುವುದು ನಾಣ್ಯ–ಮುದ್ರಾಂಕಗಳ ಅಪರಾಧಗಳಿಗೂ ಸ್ವತ್ತಿನ ಅಪರಾಧಗಳಿಗೂ ಮಾತ್ರ, ದೈಹಿಕ ಹಲ್ಲೆಗಳಿಗಲ್ಲ ಎಂಬುದರಿಂದ ವಸಾಹತು ಸರ್ಕಾರದ ನಿದ್ದೆಗೆಡಿಸಿದ್ದು ಏನೆಂಬುದೂ ತಿಳಿಯುತ್ತದೆ. ಜೀವಾವಧಿ ಶಿಕ್ಷೆಯಲ್ಲಿರುವಾಗ ಕೊಲೆ ಮಾಡಿದವನಿಗೆ ಮರಣದಂಡನೆಯನ್ನು ಕಡ್ಡಾಯಗೊಳಿಸಿದ್ದ 303ನೆಯ ಕಲಮನ್ನು 1983ರಲ್ಲಿ ಮಿಠ್ಠು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದಕ್ಕೆ ಒಂದು ಕಾರಣ, ಅದು ವ್ಯಕ್ತಿಯ ಪರಿಸ್ಥಿತಿಯನ್ನು ನೋಡಲು ನ್ಯಾಯಾಧೀಶರಿಗೆ ಆಸ್ಪದವನ್ನೇ ಕೊಡುವುದಿಲ್ಲವೆಂಬುದು.

ಆದರೆ ಸಮಾಧಾನ ಬಹಳ ದೂರ ಹೋಗದು. ಕ್ಯಾಲಿಫೋರ್ನಿಯಾಕ್ಕಿಂತ ಎಪ್ಪತ್ತು ವರ್ಷ ಮೊದಲೇ ಭಾರತದಲ್ಲಿ ಮೂರು ಹೆಜ್ಜೆಯ ಇಂಥದೊಂದು ಕಾನೂನು ಇತ್ತು. ‘ಅಪರಾಧಿ ಬುಡಕಟ್ಟು’ಗಳೆಂದು ಇಡೀ ಸಮುದಾಯಗಳಿಗೆ ಹಣೆಪಟ್ಟಿ ಹಚ್ಚುವ ಪದ್ಧತಿ 1871ರಲ್ಲಿ ಆರಂಭವಾದದ್ದು, ಆ ಸಾಲಿನ 1924ರ ಕಾಯ್ದೆಯ 23ನೆಯ ಕಲಂ, ಇಂಥ ಸಮುದಾಯಕ್ಕೆ ಸೇರಿದವನಿಗೆ ಪಟ್ಟಿಯಲ್ಲಿ ಹೆಸರಿಸಿದ ಅಪರಾಧಗಳಲ್ಲಿ ಎರಡನೆಯ ಬಾರಿ ಕನಿಷ್ಠ ಏಳು ವರ್ಷವನ್ನೂ ಮೂರನೆಯ ಬಾರಿ ಜೀವಾವಧಿಯ ಕರಿನೀರಿನ ಶಿಕ್ಷೆಯನ್ನೂ, ವಿಶೇಷ ಕಾರಣಗಳಿಲ್ಲದಿದ್ದರೆ, ವಿಧಿಸಬೇಕೆಂದಿತ್ತು. ಅದೇ ಅಪರಾಧವನ್ನು ಅಷ್ಟೇ ಬಾರಿ ಮಾಡಿದ ಬೇರೆಯವನಿಗೆ ಈ ಕಲಂ ತಾಗುತ್ತಿರಲಿಲ್ಲ. ಕರ್ನಾಟಕದಲ್ಲಿ ಕೊರಚ, ಕೊರಮ, ಗಂಟಿಚೋರ್ ಮುಂತಾದ ಸಮುದಾಯಗಳು ಈ ವ್ಯವಸ್ಥೆಗೆ ಸಿಲುಕಿದವು; ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಲು ಕಟ್ಟಿದ ವಸಾಹತುಗಳ ನೆನಪು ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಹೆಸರಿನಲ್ಲಿ ಇನ್ನೂ ಉಳಿದಿದೆ. ದಿನವೂ ಹಾಜರಿ ಹಾಕಬೇಕಾದ, ಪಾಸಿಲ್ಲದೆ ಊರು ಬಿಡುವಂತಿಲ್ಲದ, ಎಲ್ಲಿ ಕಳವಾದರೂ ಮೊದಲು ಠಾಣೆಗೆ ಹೋಗಬೇಕಾದ ಮನುಷ್ಯನಿಗೆ ಮೂರು ಶಿಕ್ಷೆಗಳು ಒದಗಿಬರುವುದು ಎಷ್ಟು ಸುಲಭವೆಂಬುದನ್ನು ಊಹಿಸಬಹುದು. ವ್ಯಕ್ತಿಯೊಬ್ಬನ ಅಪರಾಧ ದಾಖಲೆ ಆತನ ನಡತೆಯನ್ನಷ್ಟೇ ಅಳೆಯುವುದಿಲ್ಲ, ಪೊಲೀಸರ ಕಣ್ಣು ಆತನ ಮೇಲೆ ಎಷ್ಟು ಕಾಲ ನೆಟ್ಟಿತ್ತೆಂಬುದನ್ನೂ ಅಳೆಯುತ್ತದೆ. ಕ್ಯಾಲಿಫೋರ್ನಿಯಾದ ಶೇ 45ರ ಹಿಂದೆಯೂ ಈ ಸತ್ಯದ ಒಂದು ಪಾಲಿದೆ.

1952ರಲ್ಲಿ ಆ ಕಾಯ್ದೆ ರದ್ದಾದ ಮೇಲೆ ಸಮುದಾಯದ ಬದಲು ವ್ಯಕ್ತಿಯನ್ನು ಗುರಿಯಾಗಿಸುವ ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯಗಳಲ್ಲಿ ಬಂದವು, ಕರ್ನಾಟಕದ್ದು 1961ರದು. ಹಣೆಪಟ್ಟಿ ಮಾತ್ರ ಹಳೆಯ ಸಮುದಾಯಗಳಿಗೇ ಅಂಟಿಕೊಂಡಿತೆಂಬುದಕ್ಕೆ ಸಾಕ್ಷಿಯಾಗಿ, ಜೈಲುಗಳಲ್ಲಿನ ಜಾತಿ ತಾರತಮ್ಯ ಕುರಿತ 2024ರ ಅಕ್ಟೋಬರಿನ ಸುಕನ್ಯಾ ಶಾಂತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆ ಹಳೆಯ ಪಟ್ಟಿಯಿಂದ ಕೈಬಿಟ್ಟ ‘ವಿಮುಕ್ತ’ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ಕೆಲವು ಜೈಲು ಕೈಪಿಡಿಗಳ ನಿಯಮಗಳನ್ನು ಅಳಿಸಿಹಾಕಬೇಕಾಯಿತು. ಈ ಕಾಯ್ದೆಗಳ ಅಗತ್ಯವೇ ಇದೆಯೇ ಎಂಬುದನ್ನು ಸರ್ಕಾರಗಳು ಮರುಪರಿಶೀಲಿಸಬೇಕೆಂಬ ನಿರೀಕ್ಷೆಯನ್ನೂ ಅದು ವ್ಯಕ್ತಪಡಿಸಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ, ಹೊಸಬನಿಗೆ ರಿಯಾಯಿತಿ ತೋರುವ ಮತ್ತು ಹಳೆಯ ದಾಖಲೆಯನ್ನೇ ಎಣಿಸುವ ಎರಡೂ ಒಲವುಗಳು ಅಕ್ಕಪಕ್ಕ ಕಾಣುತ್ತವೆ. ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದವನಿಗೆ ಸಮುದಾಯ ಸೇವೆ ಮಾತ್ರ. ಇದು ರಿಯಾಯಿತಿಯ ತತ್ವಕ್ಕೆ ಒಳ್ಳೆಯ ನಿದರ್ಶನ. ಅದೇ ಕಲಮಿನಡಿ ಎರಡನೆಯ ಬಾರಿ ಶಿಕ್ಷೆಗೆ ಗುರಿಯಾದವನಿಗೆ, ಕದ್ದದ್ದು ಎಷ್ಟೇ ಚಿಕ್ಕದಿರಲಿ, ಕನಿಷ್ಠ ಒಂದು ವರ್ಷದ ಕಠಿಣ ಸಜೆ ಕಡ್ಡಾಯ, ಗರಿಷ್ಠ ಐದು ವರ್ಷ. ಇನ್ನು ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನೂ ಉಳಿದವರು ಅರ್ಧವನ್ನೂ ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆಗೆ ದಾರಿ ಮಾಡುತ್ತದೆ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವನಿಗೆ ಆ ಸೌಲಭ್ಯವನ್ನು ನಿರಾಕರಿಸುತ್ತದೆ. ಅಲ್ಲಿ ಎಣಿಕೆಗೆ ಬರುವುದು ನ್ಯಾಯಾಲಯ ವಿಧಿಸಿದ ಶಿಕ್ಷೆಗಳಲ್ಲ, ಇನ್ನೂ ರುಜುವಾತಾಗದ, ಪೊಲೀಸರು ದಾಖಲಿಸಿರುವ ಮೊಕದ್ದಮೆಗಳು.